ಶೆವರಾಯ್ ವರ್ನೋನಿಯಾ ಬೀಜದಿಂದಲೂ ಬರುತ್ತದೆ: ನನ್ನ ಅನುಭವ

"ಆ ಮರದ ಬೀಜ ಮೊಳೆಯೋದಿಲ್ಲ, ಸುಮ್ನೆ ದುಡ್ಡು ಸುರೀಬೇಡಿ" ಅಂತ ನನಗೆ ಹೇಳದವರೇ ಇಲ್ಲ. ನರ್ಸರಿಯವರು ಹೇಳಿದರು. ಪಕ್ಕದ ತೋಟದ ಹಿರಿಯರು ಹೇಳಿದರು. ಸಸ್ಯಶಾಸ್ತ್ರ ಓದಿದ ಗೆಳೆಯರೂ ಅದನ್ನೇ ಹೇಳಿದರು. ಈಗ ನನ್ನ ಶೇಡ್ ನೆಟ್ ಕೆಳಗೆ ಶೆವರಾಯ್ ವರ್ನೋನಿಯಾದ ಮುನ್ನೂರರ ಹತ್ತಿರ ಸಸಿ ನಿಂತಿವೆ. ಒಂದೂ ಕೊಂಬೆಯ ಕಡ್ಡಿ ನೆಟ್ಟು ಬಂದದ್ದಲ್ಲ, ಎಲ್ಲವೂ ಬೀಜದ್ದೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹಳೆಯ ಪುಸ್ತಕಗಳಲ್ಲಿ ಇದು ವರ್ನೋನಿಯಾ ಶೆವರಾಯೆನ್ಸಿಸ್. ಸಸ್ಯಶಾಸ್ತ್ರಜ್ಞ ಗ್ಯಾಂಬಲ್ ಇಟ್ಟ ಹೆಸರು. ಈಗಿನವರು ಮೊನೊಸಿಸ್ ಗುಂಪಿಗೆ ಸೇರಿಸಿದ್ದಾರೆ. ನಾನು ಹಳೆಯ ಹೆಸರನ್ನೇ ಬಳಸುತ್ತೇನೆ. ಸೇವಂತಿಗೆ, ಸೂರ್ಯಕಾಂತಿಯ ಕುಟುಂಬದ್ದು. ಹಿತ್ತಲಲ್ಲಿ ಬೆಳೆಯುವ ಸಹದೇವಿ, ಕಾಡುಜೀರಿಗೆ ಇದರ ನೆಂಟರು. ಅವು ಮೊಣಕಾಲಿಗೋ ಸೊಂಟಕ್ಕೋ ಬರುವ ಗಿಡಗಳು, ಇದು ಕಡಿಯದೆ ಬಿಟ್ಟರೆ ಸಣ್ಣ ಮರವೇ ಆಗುತ್ತದೆ. ಕಾಫಿ ತೋಟದಲ್ಲಿ ಕಡಿದು ಕಡಿದು ಬಿಟ್ಟಿರುವ ಕಡೆ ಮಾತ್ರ ಪೊದೆಯಾಗಿ ನಿಂತಿರುತ್ತದೆ. ಸೂರ್ಯಕಾಂತಿಗೆ ಸುತ್ತಲೂ ಇರುವ ಹಳದಿ ಎಸಳು ಇದಕ್ಕಿಲ್ಲ. ಇರುವುದೆಲ್ಲ ಕೊಳವೆ ಹೂವು. ಪುಟ್ಟ ಪುಟ್ಟ ಹೂತಲೆಗಳು ಸೇರಿ ಕೊಂಬೆ ತುದಿಯಲ್ಲಿ ದೊಡ್ಡ ಗೊಂಚಲಾಗುತ್ತವೆ. ಬೀಜದ ತುದಿಗೆ ಕೂದಲು, ಗಾಳಿಗೆ ಹಾರುವುದಕ್ಕೆ.

ಹೆಸರೇ ಹೇಳುವಂತೆ ಇದು ಶೆವರಾಯ್ ಬೆಟ್ಟದ ಮರ. ತಮಿಳುನಾಡಿನ ಸೇಲಂ ಜಿಲ್ಲೆ, ಯೆರ್ಕಾಡ್ ಸುತ್ತಮುತ್ತ. ಪೂರ್ವಘಟ್ಟದ ತುಂಡು ಅದು. ಕೆಳಗೆ ಸೇಲಂನಲ್ಲಿ ಬಿಸಿಲು ಸುಡುತ್ತಿರುತ್ತದೆ, 20 ಹೇರ್‌ಪಿನ್ ತಿರುವು ಹತ್ತಿದರೆ ಮೇಲೆ ಮಂಜು. ಯೆರ್ಕಾಡ್ ಸುಮಾರು 1,500 ಮೀಟರ್ ಎತ್ತರದಲ್ಲಿದೆ. ಮುಂಗಾರು, ಹಿಂಗಾರು ಎರಡೂ ಅಷ್ಟಿಷ್ಟು ಮಳೆ ಕೊಡುತ್ತವೆ. 1820ರ ದಶಕದಲ್ಲಿ ಸೇಲಂ ಕಲೆಕ್ಟರ್ ಕಾಕ್‌ಬರ್ನ್ ಅಲ್ಲಿಗೆ ಕಾಫಿ ತಂದ ಮೇಲೆ ಕಾಡು ತುಂಡು ತುಂಡಾಯಿತು. ಆಮೇಲೆ ನೆರಳಿಗೆ ಸಿಲ್ವರ್ ಓಕ್ ಬಂತು. ಮೆಣಸಿನ ಬಳ್ಳಿಗೂ ಆಯಿತು, ಮರ ಮಾರಿದರೆ ದುಡ್ಡೂ ಆಯಿತು ಅಂತ ಎಲ್ಲರೂ ಅದನ್ನೇ ನೆಟ್ಟರು. ಬಾಕ್ಸೈಟ್ ಗಣಿ ಬೇರೆ ಕೆಲವು ಗುಡ್ಡಗಳ ನೆತ್ತಿ ಕೆರೆಯಿತು. ಹೀಗಾಗಿ ನಾನು ನೋಡಿದ ವರ್ನೋನಿಯಾ ಮರಗಳೆಲ್ಲ ಅಂಚಿನಲ್ಲಿ ಉಳಿದವು. ತೋಟದ ಬೇಲಿ, ಹಳ್ಳದ ದಂಡೆ, ಶೋಲಾ ಎಂಬ ಬೆಟ್ಟದ ಕಣಿವೆ ಕಾಡಿನ ಚೂರುಗಳ ಪಕ್ಕ. ಒಂದು ಇಲ್ಲಿ, ಇನ್ನೊಂದು ಅರ್ಧ ಮೈಲಿ ಆಚೆ. ಈ ಒಂಟಿತನವೇ ಎಲ್ಲ ತೊಂದರೆಗೂ ಬುಡ ಅಂತ ಗೊತ್ತಾಗಲು ಕೆಲವು ವರ್ಷ ಹಿಡಿಯಿತು.

ಮೊದಲು ಕಡ್ಡಿ. ಎಲ್ಲರೂ ಮಾಡುವಂತೆ ಬೇರು ಬರಿಸುವ ಐಬಿಎ ಪುಡಿ, ಮರಳು, ಕೊಕೊಪೀಟ್ (ತೆಂಗಿನ ನಾರಿನ ಪುಡಿ). ಎಳೆಯದು, ಅರ್ಧ ಬಲಿತದ್ದು, ಪೂರ್ತಿ ಬಲಿತದ್ದು, ಮೂರೂ ನೋಡಿದೆ. ಬಲಿತ ಕಡ್ಡಿ ಚಿಗುರು ಒಡೆದು ಆಸೆ ಹುಟ್ಟಿಸುತ್ತದೆ. ತಿಂಗಳು ಕಳೆದು ಕಿತ್ತು ನೋಡಿದರೆ ಕೆಳಗೆ ಗಂಟು ಇದೆ, ಬೇರಿಲ್ಲ. ಮಿಸ್ಟ್, ಅಂದರೆ ಮಂಜಿನಂತೆ ನೀರು ಚಿಮುಕಿಸುವ ವ್ಯವಸ್ಥೆ, ಇಲ್ಲದ್ದಕ್ಕೇ ಹೀಗೆ ಅಂತ ಒಬ್ಬರು ಹೇಳಿದರು. ಮಿಸ್ಟ್ ಹಾಕಿಸಿದೆ. ಮೋಟಾರು, ಟೈಮರ್, ಪೈಪು, ಎಲ್ಲ ಸೇರಿ 35 ಸಾವಿರದ ಹತ್ತಿರ ಹೋಯಿತು. ಕಡ್ಡಿ ಇನ್ನೂ ಬೇಗ ಕೊಳೆಯಿತು. ನೂರಕ್ಕೆ ಎರಡೋ ಮೂರೋ ಬೇರು ಬಿಟ್ಟವು, ಅವೂ ಚೀಲಕ್ಕೆ ಹಾಕಿದ ಮೇಲೆ ಸತ್ತವು.

ಗೂಟಿ ಕಟ್ಟಿದೆ, ಅಂದರೆ ಮರದಲ್ಲಿರುವ ಕೊಂಬೆಯ ತೊಗಟೆ ಸುತ್ತಲೂ ತೆಗೆದು ಅಲ್ಲೇ ಬೇರು ಬರಿಸುವುದು. ತೊಗಟೆ ಬೇಗ ಕೂಡಿಕೊಂಡುಬಿಡುತ್ತದೆ, ಗಾಯ ಎಷ್ಟು ಅಗಲ ಮಾಡಿದರೂ ಅಷ್ಟೇ. ಆಳಿನ ಕೂಲಿ ದಿನಕ್ಕೆ ಆರುನೂರು. ಸಿಕ್ಕ ಸಸಿ ಬೆರಳಲ್ಲಿ ಎಣಿಸುವಷ್ಟು. ಅಂಗಾಂಶ ಕೃಷಿ (ಗಿಡದ ಚೂರನ್ನು ಬಾಟಲಿಯಲ್ಲಿ ಬೆಳೆಸಿ ಸಸಿ ಮಾಡುವುದು) ಮಾಡಿಕೊಡುತ್ತೇವೆ ಅಂತ ಒಂದು ಲ್ಯಾಬ್‌ನವರು 20 ಸಾವಿರ ಮುಂಗಡ ತೆಗೆದುಕೊಂಡರು. ಬಾಟಲಿಯಲ್ಲಿ ಬೂಷ್ಟು ಬಂದ ಫೋಟೋ ಕಳಿಸಿ ಸುಮ್ಮನಾದರು. ದುಡ್ಡು ವಾಪಸ್ ಬರಲಿಲ್ಲ.

ಉಳಿದದ್ದು ಬೀಜ. ಬೀಜಕ್ಕೇನು ಕೊರತೆ ಇಲ್ಲ, ಒಂದು ಮರದಿಂದ ಗೋಣಿಚೀಲ ತುಂಬುತ್ತದೆ. ಬಿತ್ತಿದರೆ ಮಾತ್ರ ಏನೂ ಬರುವುದಿಲ್ಲ. ಎಲ್ಲರೂ ಇಲ್ಲೇ ಕೈಬಿಟ್ಟದ್ದು. ನಾನು ಬಿತ್ತುವುದನ್ನು ನಿಲ್ಲಿಸಿ ಬೀಜ ಒಡೆದು ನೋಡಲು ಕೂತೆ. ಕನ್ನಡಕ ಅಂಗಡಿಯಲ್ಲಿ ಕೊಂಡ ಭೂತಗನ್ನಡಿ, ಒಂದು ಸೂಜಿ, ಕಪ್ಪು ಕಾಗದ, ಅಷ್ಟೇ. ಸಾವಿರ ಬೀಜ ಒತ್ತಿ ನೋಡಿದರೆ ಗಟ್ಟಿ ಸಿಗುವುದು ಹತ್ತೋ ಹದಿನೈದೋ. ಉಳಿದದ್ದೆಲ್ಲ ಜೊಳ್ಳು. ಹೊರಗಿನಿಂದ ನೋಡಿದರೆ ವ್ಯತ್ಯಾಸವೇ ತಿಳಿಯುವುದಿಲ್ಲ. ಸಿಪ್ಪೆ ಇದೆ, ಕೂದಲಿದೆ, ಒಳಗೆ ತಿರುಳಿಲ್ಲ. ಕೆಲವು ಹೂತಲೆಗಳನ್ನು ಸಣ್ಣ ಹುಳ ಒಳಗಿಂದಲೇ ತಿಂದಿತ್ತು. ಆದರೆ ಹುಳದ ಪಾಲು ಕಡಿಮೆ. ಅಂದರೆ ಮೊಳಕೆಯದ್ದು ಸಮಸ್ಯೆಯೇ ಅಲ್ಲ. ಇಲ್ಲದ ಬೀಜವನ್ನು ಯಾರು ಮೊಳೆಸುತ್ತಾರೆ?

ಈ ಕುಟುಂಬದಲ್ಲಿ ತನ್ನ ಪರಾಗವನ್ನು ತಾನೇ ಒಪ್ಪದ ಗಿಡಗಳು ಬಹಳ. ಅದು ಗೊತ್ತಿರುವ ವಿಷಯವೇ. ಗೊತ್ತಿದ್ದೂ ನರ್ಸರಿಯಲ್ಲಿ ಯಾರೂ ಅದರ ಲೆಕ್ಕ ಹಾಕುವುದಿಲ್ಲ. ಅಮೆರಿಕದ ಇಲಿನಾಯ್‌ನಲ್ಲಿ ಲೇಕ್‌ಸೈಡ್ ಡೈಸಿ ಎಂಬ ಗಿಡಕ್ಕೆ ಹೀಗೇ ಆಗಿತ್ತು. ಉಳಿದ ಗಿಡಗಳೆಲ್ಲ ಒಂದೇ ಹೊಂದಾಣಿಕೆಯ ಗುಂಪಿನವು, ಒಂದರ ಪರಾಗವನ್ನು ಇನ್ನೊಂದು ಒಪ್ಪುತ್ತಿರಲಿಲ್ಲ, ಹೂ ಬಿಟ್ಟರೂ ತಮ್ಮತಮ್ಮಲ್ಲೇ ಬೀಜ ಕಟ್ಟುತ್ತಿರಲಿಲ್ಲ. ಓಹಿಯೋದ ಗಿಡಗಳ ಪರಾಗ ಸೇರಿಸಿದಾಗ ಕಟ್ಟಿತು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಪರೀಕ್ಷೆ ಸರಳ. ಒಂದು ಮರದ ನಾಲ್ಕೈದು ಕೊಂಬೆಗೆ ಸೊಳ್ಳೆ ಪರದೆಯ ಬಟ್ಟೆ ಕಟ್ಟಿದೆ, ಹುಳ ನುಗ್ಗದಂತೆ. ಅದರೊಳಗೆ ಅದೇ ಮರದ ಹೂವನ್ನೇ ಒಂದಕ್ಕೊಂದು ಉಜ್ಜಿದೆ. ಇನ್ನೆರಡು ಕೊಂಬೆಗೆ ದೂರದ ಮರದ ಹೂ ತಂದು ಉಜ್ಜಿದೆ. ಮೊದಲಿನದರಲ್ಲಿ ಒಂದೂ ಗಟ್ಟಿ ಬೀಜವಿಲ್ಲ. ಎರಡನೆಯದರಲ್ಲಿ ನೂರಕ್ಕೆ ಮೂವತ್ತರ ಹತ್ತಿರ. ಸೂಜಿ ಹಿಡಿದ ಕೈ ನಡುಗಿತು ಅಂದರೆ ನಂಬಿ. ಹೋಲಿಕೆಗೆ ಅಂತ ಒಂಟಿ ಸಹದೇವಿ ಗಿಡವನ್ನು ಕುಂಡದಲ್ಲಿ ಪರದೆ ಮುಚ್ಚಿ ಬೆಳೆಸಿದ್ದೆ. ಅದು ಯಾರ ಹಂಗೂ ಇಲ್ಲದೆ ಬೀಜ ತುಂಬಿಕೊಂಡಿತು. ಒಂದೇ ಬಳಗ, ಸ್ವಭಾವ ಮಾತ್ರ ಎಷ್ಟು ಬೇರೆ ಅಲ್ವಾ?

ಆದರೆ ಮರ ಹತ್ತಿ ಒಂದೊಂದೇ ಗೊಂಚಲು ಉಜ್ಜುತ್ತಾ ಕೂರುವುದು ಆಗದ ಮಾತು. ಹಿಮಾಚಲದ ಸೇಬಿನ ತೋಟದವರು ಪರಾಗ ಕೊಡುವ ತಳಿಯ ಹೂಕೊಂಬೆ ಕಡಿದು, ನೀರು ತುಂಬಿದ ಚೀಲದಲ್ಲಿಟ್ಟು ಮರಕ್ಕೆ ನೇತು ಹಾಕುತ್ತಾರೆ. ನಾನು ಅದನ್ನೇ ಇಲ್ಲಿ ಮಾಡಿದೆ. ಬೆಟ್ಟದ ಆ ಕಡೆ ಇಳಿಜಾರಿನ ಮರದಿಂದ ಅರ್ಧ ಅರಳಿದ ಕೊಂಬೆ ತಂದು, ಬಕೆಟ್ ನೀರಿನಲ್ಲಿಟ್ಟು, ಈ ಮರದ ಗೊಂಚಲಿನ ಮಟ್ಟಕ್ಕೇ ಹಗ್ಗದಲ್ಲಿ ಕಟ್ಟಿದೆ. ಎರಡು ಮೂರು ದಿನಕ್ಕೊಮ್ಮೆ ಕೊಂಬೆ ಬದಲು. ಬುಡದಲ್ಲಿ ತುಡುವೆ ಜೇನಿನ ಪೆಟ್ಟಿಗೆ ಇಟ್ಟೆ, ಬಾಡಿಗೆಗೆ ತಂದದ್ದು. ಪಕ್ಕದ ಮರದ ಕೊಂಬೆ ಬೇಡ. ಅದು ಒಂದೇ ತಾಯಿಯ ಮಗು ಆಗಿರುವ ಸಾಧ್ಯತೆ ಜಾಸ್ತಿ, ಹೊಂದಿಕೆ ಆಗದೆ ಹೋಗಬಹುದು. ದೂರದ ಮರದ್ದಾದರೆ ಒಳ್ಳೆಯದು. ಬಕೆಟ್ ನೀರಿಗೆ ನಾನು ಏನು ಸೇರಿಸುತ್ತೇನೆ ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ, ಅದು ನನ್ನ ಹತ್ತಿರವೇ ಇರಲಿ. ಬರೀ ನೀರಿನಲ್ಲೂ ಕೆಲಸ ನಡೆಯುತ್ತದೆ. ಮರಗಳು ಎಲ್ಲಿವೆ ಅಂತಲೂ ಹೇಳುವುದಿಲ್ಲ. ನಾನು ಕೊಯ್ದದ್ದೆಲ್ಲ ಖಾಸಗಿ ತೋಟಗಳಲ್ಲಿ, ಮಾಲೀಕರ ಒಪ್ಪಿಗೆ ಪಡೆದು. ಮೀಸಲು ಅರಣ್ಯದಲ್ಲಿ ಇಲಾಖೆಯ ಅನುಮತಿ ಇಲ್ಲದೆ ಒಂದು ಕಡ್ಡಿಯನ್ನೂ ಮುಟ್ಟಬೇಡಿ.

ಆ ಸಲ ಇಡೀ ಮರದ ಬೀಜದಲ್ಲಿ ನೂರಕ್ಕೆ ಇಪ್ಪತ್ತು ಗಟ್ಟಿ ಬಂದವು. ಜೊಳ್ಳು ಬೇರೆ ಮಾಡಲು ನೀರಿಗೆ ಹಾಕಬೇಡಿ. ಕೂದಲಿನಲ್ಲಿ ಗಾಳಿ ಸಿಕ್ಕಿಕೊಂಡು ಒಳ್ಳೆಯದೂ ತೇಲುತ್ತದೆ. ಕೂದಲು ಉಜ್ಜಿ ತೆಗೆದು, ಟೇಬಲ್ ಫ್ಯಾನಿನ ಮುಂದೆ ರಾಗಿ ತೂರಿದ ಹಾಗೆ ತೂರಿ. ಫ್ಯಾನು ಸಣ್ಣಗೆ ಇರಲಿ.

ಬಿತ್ತುವುದರಲ್ಲಿ ಅಂಥ ಗುಟ್ಟಿಲ್ಲ. ತಾಜಾ ಬೀಜ ಬೇಕು. ಒಂದೆರಡು ವಾರದೊಳಗೆ ಬಿತ್ತಿದ್ದು ಅರ್ಧಕ್ಕರ್ಧ ಮೊಳೆಯಿತು. ಡಬ್ಬಿಯಲ್ಲಿ ಮಳೆಗಾಲದವರೆಗೆ ಇಟ್ಟದ್ದು ಹೆಚ್ಚುಕಡಿಮೆ ಪೂರ್ತಿ ಹೋಯಿತು. ಮಣ್ಣು ಮುಚ್ಚಬಾರದು. ಮೇಲೆ ಉದುರಿಸಿ, ಅಂಗೈಯಿಂದ ಮೆಲ್ಲಗೆ ಒತ್ತಿ, ಬೆಳಕು ಬೀಳುವಂತೆ ಬಿಡಿ. ಮೇಲಿಂದ ನೀರು ಹಾಕಿದರೆ ಬೀಜ ಒಂದು ಮೂಲೆಗೆ ಹೋಗಿ ಸೇರುತ್ತದೆ, ಎಳೆ ಸಸಿ ಬುಡ ಕೊಳೆತು ಮಲಗುತ್ತದೆ. ಟ್ರೇಯನ್ನೇ ನೀರಿನ ತಟ್ಟೆಯಲ್ಲಿ ಕೂರಿಸಿ, ಕೆಳಗಿನಿಂದ ಕುಡಿಯಲಿ. ಬಿತ್ತುವ ಮೊದಲೇ ಟ್ರೇಯ ಮೇಲೆ ತೆಳು ಪದರ ತೊಳೆದ ಮರಳು ಹಾಸಿದ್ದರೆ ಕೊಳೆ ಬಹಳ ಕಡಿಮೆ. ತಾಯಿಮರದ ಬುಡದ ಮಣ್ಣು ಒಂದು ಹಿಡಿ ಬೆರೆಸಿದ ಟ್ರೇಯ ಸಸಿಗಳು ಬೇಗ ಕಪ್ಪುಹಸಿರಾದವು. ಅದು ಮಣ್ಣಿನಲ್ಲಿರುವ ಶಿಲೀಂಧ್ರದ ಕೆಲಸ ಅಂತ ನನ್ನ ಅನಿಸಿಕೆ.

ಹೊಗೆನೀರು ಕೂಡ ಮಾಡಿ ನೋಡಿದೆ. ಒಣಹುಲ್ಲಿನ ಹೊಗೆಯನ್ನು ನೀರಿಗೆ ಹಾಯಿಸಿ ಅದರಲ್ಲಿ ಬೀಜ ನೆನೆಸುವುದು. ಇದಕ್ಕೆ ಏನೂ ಉಪಯೋಗವಾಗಲಿಲ್ಲ. ಆದರೆ ಅದೇ ನೀರನ್ನು ಬೆಟ್ಟದ ಇನ್ನೊಂದು ಹುಲ್ಲುಗಾವಲು ಗಿಡಕ್ಕೆ ಹಾಕಿದಾಗ ಬಂದ ಫಲ ಬೇರೆಯೇ. ಅದನ್ನು ಇನ್ನೊಮ್ಮೆ ಬರೆಯುತ್ತೇನೆ. ಸೇಲಂ ಕಡೆ ಕೆಳಗೆ ಒಬ್ಬರ ಮನೆಗೆ ಹತ್ತು ಸಸಿ ಕಳಿಸಿದ್ದೆ, ಬಿಸಿ ತಡೆಯುತ್ತದೋ ನೋಡೋಣ ಅಂತ. ಬೇಸಿಗೆ ದಾಟಲಿಲ್ಲ. ಬೆಟ್ಟದ ಗಿಡ ಬೆಟ್ಟದಲ್ಲೇ ಇರಬೇಕು.

ಈಗ ದುಡ್ಡಿನ ಲೆಕ್ಕ. ಕಡ್ಡಿ, ಗೂಟಿ, ಮಿಸ್ಟ್, ಲ್ಯಾಬ್ ಎಲ್ಲ ಸೇರಿ ಹೋದದ್ದು 70 ಸಾವಿರದ ಮೇಲೆ, ಅದಕ್ಕೆ ನೆಡುವಂಥ ಸಸಿ ಹತ್ತೂ ಇಲ್ಲ. ಬಕೆಟ್ ದಾರಿಗೆ ಬಕೆಟ್, ಹಗ್ಗ, ಮರ ಹತ್ತುವವರ ಕೂಲಿ, ಜೇನುಪೆಟ್ಟಿಗೆ ಬಾಡಿಗೆ, ಟ್ರೇ, ಕೊಕೊಪೀಟ್ ಎಲ್ಲ ಸೇರಿ 18 ಸಾವಿರ ಆಗಿರಬಹುದು. ಸಸಿಗೆ ಅರವತ್ತು ರೂಪಾಯಿ ಬಿತ್ತು ಅನ್ನಿ. ಎರಡನೇ ಸಲ ಇನ್ನೂ ಕಡಿಮೆ. ಮೊದಲು ಬೇಡ ಅಂದಿದ್ದ ಪಕ್ಕದ ತೋಟದ ಹಿರಿಯರು ಬಂದು ಟ್ರೇ ನೋಡಿ, "ಒಂದು ಕೊಡಿ, ನಮ್ಮ ಗೇಟಿನ ಹತ್ತಿರ ಹಾಕ್ತೀನಿ" ಅಂದರು. ಒಂದು ಕೊಡುವುದಿಲ್ಲ ಸಾರ್, ತಗೊಂಡರೆ ಆರು ತಗೊಳ್ಳಿ ಅಂದೆ.

ಅದೇ ನನ್ನ ನಿಯಮ. ಪ್ರತಿ ಚೀಲಕ್ಕೂ ತಾಯಿಮರದ ಗುರುತು ಬರೆದ ತಗಡು ಕಟ್ಟಿದ್ದೇನೆ. ಯಾರು ಕೇಳಿದರೂ ಬೇರೆ ಬೇರೆ ತಾಯಿಯ ಕನಿಷ್ಠ ಐದಾರು ಸಸಿ ಒಟ್ಟಿಗೆ ಕೊಡುತ್ತೇನೆ, ಒಂದಕ್ಕೊಂದು ಹತ್ತು ಹದಿನೈದು ಮೀಟರ್ ಅಂತರದಲ್ಲಿ ನೆಡಿ ಅಂತ ಹೇಳಿ. ಸಿಲ್ವರ್ ಓಕ್‌ನ ದಟ್ಟ ನೆರಳಿನಲ್ಲಿ ಬೇಡ, ಹಳ್ಳದ ಅಂಚೋ ತೋಟದ ಬೇಲಿಯೋ ಆಗಬೇಕು. ಮೊದಲ ಎರಡು ವರ್ಷ ಸುತ್ತಲಿನ ಕಮ್ಯುನಿಸ್ಟ್ ಕಳೆ, ಲಾಂಟಾನ ಕೀಳಲೇಬೇಕು. ಆರು ತಗೊಂಡ ಹಿರಿಯರು ಗುಂಡಿ ತೆಗೆಸಿ ಕಾಯುತ್ತಿದ್ದಾರೆ, ಮಳೆ ಹಿಡಿದ ಮೇಲೆ ಮೊದಲ ನಾಟಿ ಅಲ್ಲೇ.