ತಾಳಮದ್ದಳೆ ರೆಕಾರ್ಡಿಂಗ್: ಯಾವ ಮೈಕಿಗೆ ಎಷ್ಟು ವೋಲ್ಟ್?

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಊರಿನವರದ್ದೊಂದು ಸಣ್ಣ ತಾಳಮದ್ದಳೆ (ವೇಷವಿಲ್ಲದೆ, ಕೂತು ಪದ್ಯ-ಮಾತಿನಲ್ಲೇ ನಡೆಸುವ ಯಕ್ಷಗಾನ) ಕೂಟ ಇದೆ. ಅರ್ಥ ಹೇಳುವವರಲ್ಲಿ ಇಬ್ಬರಿಗೆ ಎಂಬತ್ತು ದಾಟಿದೆ. ಅವರ ಮಾತು ಉಳಿಯಬೇಕು ಅಂತಲೇ ನಾನು ಅಂಗೈಯಷ್ಟು ದೊಡ್ಡ ರೆಕಾರ್ಡರ್ ಒಂದನ್ನು ತಗೊಂಡೆ. ಕೆಳಗೆ ಎರಡು ಕಾಂಬೋ ಜ್ಯಾಕ್ (ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕೇಬಲ್, ಕಾಲಿಂಚಿನ ದಪ್ಪ ಪಿನ್ ಎರಡೂ ಹಿಡಿಸುವಂಥದ್ದು), ಪಕ್ಕದಲ್ಲಿ ಒಂದು 3.5 ಎಂಎಂ ಜ್ಯಾಕ್. ಮೂರಕ್ಕೂ ಮೈಕ್ ಹಾಕಬಹುದು, ಆದರೆ ಮೂರೂ ಒಂದೇ ಅಲ್ಲ. ಅದು ತಿಳಿಯುವಷ್ಟರಲ್ಲಿ ಒಂದು ಕಾಲರ್ ಮೈಕ್ ಹೋಗಿತ್ತು.

ಆಗಿದ್ದಿಷ್ಟು. ಕಾಲರ್ ಮೈಕಿನ ಸಣ್ಣ ಪಿನ್ನಿಗೆ ಸಾದಾ ಕನ್ವರ್ಟರ್ ಸಿಕ್ಕಿಸಿ ಎಕ್ಸ್‌ಎಲ್‌ಆರ್ ಜ್ಯಾಕಿಗೆ ಕೊಟ್ಟೆ. ಇನ್ನೊಂದು ಜ್ಯಾಕಿನಲ್ಲಿ ಕಂಡೆನ್ಸರ್ ಮೈಕ್ ಇತ್ತು. ಅದಕ್ಕೆ ಬೇಕು ಅಂತ ಫ್ಯಾಂಟಮ್ ಪವರ್ (ರೆಕಾರ್ಡರ್ ಕೇಬಲಿನಲ್ಲೇ ಮೈಕಿಗೆ ಕಳಿಸುವ 48 ವೋಲ್ಟ್) ಆನ್ ಮಾಡಿದೆ. ನನ್ನ ರೆಕಾರ್ಡರಿನಲ್ಲಿ ಫ್ಯಾಂಟಮ್ ಎರಡೂ ಜ್ಯಾಕಿಗೆ ಒಟ್ಟಿಗೇ ಹೋಗುತ್ತದೆ. ಎರಡು-ಮೂರು ವೋಲ್ಟ್ ಸಾಕಾಗುವ ಮೈಕಿಗೆ 48 ವೋಲ್ಟ್! ಹೆಡ್‌ಫೋನಿನಲ್ಲಿ ಕರ್ ಅಂತು, ಆಮೇಲೆ ಸದ್ದೇ ಇಲ್ಲ.

ಅಂದಿನಿಂದ ಮೈಕ್ ಕೈಗೆತ್ತಿಕೊಂಡ ಕೂಡಲೇ ಇದಕ್ಕೆ ಯಾವ ಕರೆಂಟ್ ಬೇಕು ಅಂತ ನೋಡುತ್ತೇನೆ. ಕಾಲರ್ ಮೈಕ್ ಸೀದಾ 3.5 ಎಂಎಂ ಜ್ಯಾಕಿಗೆ. ಮೆನುವಿನಲ್ಲಿ ಪ್ಲಗ್-ಇನ್ ಪವರ್ (ಆ ಜ್ಯಾಕಿನಿಂದ ಬರುವ ಎರಡು-ಮೂರು ವೋಲ್ಟ್) ಆನ್ ಮಾಡಬೇಕು, ಇಲ್ಲದಿದ್ದರೆ ಅದು ಮೂಕ. ಎಕ್ಸ್‌ಎಲ್‌ಆರ್‌ಗೇ ಹಾಕಬೇಕು ಅಂದರೆ, 48 ವೋಲ್ಟನ್ನು ಇಳಿಸಿ ಕೊಡುವ ಬೇರೆ ಕನ್ವರ್ಟರ್ ಬರುತ್ತದೆ. ನನಗೆ ಅದು ಮುಂಬೈಯ ಲ್ಯಾಮಿಂಗ್ಟನ್ ರೋಡಿನಲ್ಲಿ ಸಿಕ್ಕಿತು.

ಭಾಗವತರದ್ದು ಡೈನಾಮಿಕ್ ಮೈಕ್. ಅದಕ್ಕೆ ಕರೆಂಟೇ ಬೇಡ. ಫ್ಯಾಂಟಮ್ ಆನ್ ಮಾಡುವಾಗ ಅವರು ಕೇಳಿದರು: "ನನ್ನ ಮೈಕಿಗೆ ಏನೂ ಆಗುವುದಿಲ್ಲ ಅಲ್ವಾ ಮಾರಾಯ್ರೆ?" ಆಗುವುದಿಲ್ಲ. ಫ್ಯಾಂಟಮ್ ಎಕ್ಸ್‌ಎಲ್‌ಆರ್‌ನ 2 ಮತ್ತು 3ನೇ ಪಿನ್ನಿಗೆ ಸಮವಾಗಿ ಬರುತ್ತದೆ. ಎರಡೂ ಕಡೆ ಒಂದೇ ವೋಲ್ಟ್ ಇದ್ದರೆ ಮೈಕಿನೊಳಗಿನ ಕಾಯಿಲಿನಲ್ಲಿ ಕರೆಂಟ್ ಹರಿಯುವುದಿಲ್ಲ. ಆದರೆ ಕೇಬಲ್ ಸರಿ ಇರಬೇಕು. ಆ ಎರಡರಲ್ಲಿ ಒಂದು ತಂತಿ 1ನೇ ಪಿನ್ನಿನ ಅರ್ಥಿಂಗ್ ತಂತಿಗೆ ತಾಗಿದ್ದರೂ ಈ ಲೆಕ್ಕ ತಪ್ಪುತ್ತದೆ. ಅದಕ್ಕೆ ನಾನು ಹೊರಡುವ ಮೊದಲು ಪ್ರತಿ ಕೇಬಲನ್ನೂ ಮಲ್ಟಿಮೀಟರ್ ಇಟ್ಟು ನೋಡುತ್ತೇನೆ. ಹಳೆಯ ರಿಬ್ಬನ್ ಮೈಕ್ (ಒಳಗೆ ತೆಳ್ಳಗಿನ ಲೋಹದ ಪಟ್ಟಿ ಇರುವ ನಾಜೂಕಿನ ಮೈಕ್) ಯಾರಾದರೂ ತಂದರೆ ಮಾತ್ರ ಫ್ಯಾಂಟಮ್ ಮುಟ್ಟುವುದೇ ಇಲ್ಲ.

ಹಾಲ್‌ನ ಮಿಕ್ಸರಿನಿಂದ ಲೈನ್ (ಮೈಕಿಗಿಂತ ಎಷ್ಟೋ ಜೋರಾದ ಸಿಗ್ನಲ್) ತಗೊಳ್ಳುವುದಾದರೆ ಕಾಲಿಂಚಿನ ಪಿನ್ನಿನ ಕೇಬಲ್ ಬಳಸಿ, ಇನ್‌ಪುಟನ್ನು ಲೈನ್‌ಗೆ ಇಡುತ್ತೇನೆ. ಮೈಕ್ ಅಂತ ಬಿಟ್ಟರೆ ಸ್ವರವೆಲ್ಲ ಒಡೆದು ಹೋಗುತ್ತದೆ.

ನನಗೆ ಜಾಸ್ತಿ ಕಷ್ಟ ಕೊಟ್ಟದ್ದು ಚೆಂಡೆ. ಪದ್ಯಕ್ಕೆ ಚೆಂಡೆ ಏರಿದಾಗ ಮೀಟರ್ ಕೊನೆ ಮುಟ್ಟುತ್ತದೆ. ಪದ್ಯ ಮುಗಿದು ಅರ್ಥ ಶುರುವಾದರೆ ಹಿರಿಯರ ಮೆಲುದನಿ. ಮೊದಮೊದಲು ನಾನು ಕೂತಲ್ಲೇ ಗೇನ್ (ಮೈಕಿನ ಸದ್ದನ್ನು ರೆಕಾರ್ಡರ್ ಎಷ್ಟು ಹಿಗ್ಗಿಸಬೇಕು ಅನ್ನುವುದು) ಏರಿಸಿ ಇಳಿಸುತ್ತಿದ್ದೆ. ಕೇಳುವಾಗ ಅದು ತುಂಬಾ ಕಿರಿಕಿರಿ. ಈಗ ಶುರುವಿನಲ್ಲೇ ಚೆಂಡೆಯವರ ಹತ್ತಿರ ಜೋರಾಗಿ ಬಾರಿಸಿ ಅಂತ ಕೇಳುತ್ತೇನೆ. ಆ ಪೆಟ್ಟು ಮೀಟರಿನ ಕೊನೆಗಿಂತ (ಸೊನ್ನೆ ಡಿಬಿ) ಕೆಳಗೆ, ಮೈನಸ್ 12 ಡಿಬಿ ಹತ್ತಿರ ನಿಲ್ಲುವ ಹಾಗೆ ಗೇನ್ ಇಟ್ಟು, ಮತ್ತೆ ಕೈ ಹಾಕುವುದಿಲ್ಲ. 24 ಬಿಟ್ ವೇವ್‌ನಲ್ಲಿ ರೆಕಾರ್ಡ್ ಮಾಡಿದರೆ ಮೆಲುದನಿಯನ್ನು ಮನೆಯಲ್ಲಿ ಏರಿಸಿಕೊಳ್ಳಬಹುದು. ಫ್ಯಾನು, ದೂರದ ಲೋಕಲ್ ಟ್ರೈನಿನ ಗುಡುಗುಡು ತಗ್ಗಲು 80 ಹರ್ಟ್ಸ್‌ನ ಲೋ ಕಟ್ (ಅದಕ್ಕಿಂತ ತಗ್ಗಿನ ಸದ್ದನ್ನು ಕಡಿಮೆ ಮಾಡುವ ಸೆಟ್ಟಿಂಗ್) ಹಾಕಿಡುತ್ತೇನೆ.

ಫ್ಯಾಂಟಮ್ ಬ್ಯಾಟರಿಯನ್ನು ಬೇಗ ತಿನ್ನುತ್ತದೆ. ಗೋಡೆಯ ಚಾರ್ಜರ್ ಹಾಕಿ ನೋಡಿದೆ, ಗುಂಯ್ ಅನ್ನುವ ಸದ್ದು ಸೇರಿಕೊಂಡಿತು. ಈಗ ಪವರ್ ಬ್ಯಾಂಕ್. ಜೊತೆಗೆ ಒಳಗೆ ಹೊಸ ಸೆಲ್.

ಮಂಗಳ ಹಾಡಿ ಆದ ಮೇಲೆ ಯಾರಾದರೂ ಸಹಾಯಕ್ಕೆ ಅಂತ ಕೇಬಲ್ ಎಳೆಯಲು ಬರುತ್ತಾರೆ. "ಒಂದ್ನಿಮಿಷ ಅಣ್ಣ" ಅಂತ ತಡೆದು, ಗೇನ್ ಇಳಿಸಿ, ಫ್ಯಾಂಟಮ್ ಆಫ್ ಮಾಡಿ, ಹತ್ತು ಎಣಿಸಿದ ಮೇಲೆ ಬಿಚ್ಚಲು ಕೊಡುತ್ತೇನೆ.