ತಪ್ಪು ಮಾಡಿದ ಮೇಲೆ ದೇವರ ಮುಂದೆ ಹೋಗುವುದು ಹೇಗೆ?

ತಪ್ಪು ಮಾಡಿ ಮನಸ್ಸು ಚುಚ್ಚುವಾಗ ಕೆಲವರು ದೇವರು ಕರುಣಾಮಯಿ, ಬಿಡು ಎಂದು ಸುಮ್ಮನಾಗುತ್ತಾರೆ. ಇನ್ನು ಕೆಲವರು ದೇವರು ನ್ಯಾಯವಂತ, ನನಗಿನ್ನು ಗತಿಯಿಲ್ಲ ಎಂದು ಪ್ರಾರ್ಥನೆಯನ್ನೇ ಬಿಟ್ಟುಬಿಡುತ್ತಾರೆ. ಎರಡೂ ಬೇಡ. ಬೈಬಲ್‌ನಲ್ಲಿ ವಿಮೋಚನಕಾಂಡ 34:6-7 ತೆಗೆದು ಓದಿ. ತಾನು ಪಾಪವನ್ನು ಕ್ಷಮಿಸುವವನು, ಆದರೆ ಅಪರಾಧವನ್ನು ಸುಮ್ನೆ ಬಿಡುವವನಲ್ಲ ಅಂತ ದೇವರು ಒಂದೇ ಉಸಿರಿನಲ್ಲಿ ಹೇಳುತ್ತಾನೆ.

ಪ್ರಾರ್ಥನೆಗೆ ಕೂತಾಗ ತಪ್ಪನ್ನು ಬಿಡಿಸಿ ಹೇಳಿ. "ಕರ್ತನೇ, ನಾನು ಪಾಪಿ" ಅನ್ನುವುದು ಸುಲಭ. "ತಮ್ಮನಿಗೆ ಸೇರಬೇಕಾದ ಹಣ ನಾನೇ ಇಟ್ಟುಕೊಂಡೆ" ಅನ್ನುವುದು ಕಷ್ಟ, ಅಲ್ವಾ? ಆ ಕಷ್ಟದ ಮಾತನ್ನೇ ಹೇಳಿ. ಬಾಯಿಗೆ ಮಾತು ಬರದಿದ್ದರೆ, ತಪ್ಪು ಮಾಡಿದ ರಾಜ ದಾವೀದನ ಪ್ರಾರ್ಥನೆಯಾದ 51ನೇ ಕೀರ್ತನೆಯನ್ನು ನಿಧಾನವಾಗಿ ಓದಿ. ಅದರ ಜೊತೆಗೆ, ಆ ತಪ್ಪಿನ ಕಥೆ ಇರುವ 2 ಸಮುವೇಲ 11 ಮತ್ತು 12ನೇ ಅಧ್ಯಾಯ ಓದಲೇಬೇಕು. ದಾವೀದ ತನ್ನ ಸೈನಿಕ ಊರೀಯನ ಹೆಂಡತಿಯನ್ನು ಕರೆಸಿಕೊಂಡು ಅವಳ ಜೊತೆ ಮಲಗಿದ, ಆಮೇಲೆ ಅದನ್ನು ಮುಚ್ಚಿಡಲು ಊರೀಯನನ್ನೇ ಯುದ್ಧದ ಮುಂಚೂಣಿಯಲ್ಲಿ ನಿಲ್ಲಿಸಿ ಸಾಯಿಸಿದ. ಪ್ರವಾದಿ ನಾತಾನ ಬಂದು, ಬಡವನ ಒಂದೇ ಒಂದು ಕುರಿಮರಿಯನ್ನು ಶ್ರೀಮಂತ ಕಿತ್ತುಕೊಂಡ ಕಥೆ ಹೇಳಿದ. ಅವನಿಗೆ ಸಾವೇ ಶಿಕ್ಷೆ ಅಂತ ದಾವೀದ ಕೆರಳಿದ. "ಆ ಮನುಷ್ಯ ನೀನೇ" ಅಂದ ನಾತಾನ. ದಾವೀದ ನೆಪ ಹೇಳಲಿಲ್ಲ, ಒಪ್ಪಿಕೊಂಡ. ಕ್ಷಮೆ ಸಿಕ್ಕಿತು, ಆದರೂ ಮಾಡಿದ್ದರ ಫಲ ಅವನ ಮನೆತನವನ್ನು ಬಿಡಲಿಲ್ಲ. ಕ್ಷಮೆ ಸಿಕ್ಕಿದ ಮೇಲೂ ಕಷ್ಟ ಬಂದರೆ ದೇವರು ಕೈಬಿಟ್ಟ ಅಂದುಕೊಳ್ಳಬೇಡಿ.

ಹಾಗಾದರೆ ಶಿಕ್ಷೆಯ ಕಥೆ ಏನು? ಇಲ್ಲಿ ಶಿಲುಬೆಯನ್ನು ನೋಡಿ. ರೋಮಾಪುರದವರಿಗೆ ಬರೆದ ಪತ್ರದ 3ನೇ ಅಧ್ಯಾಯದಲ್ಲಿ, ಯೇಸುವಿನ ಸಂದೇಶ ಸಾರಿದ ಪೌಲ ಹೇಳುವುದು ಇದನ್ನೇ: ದೇವರು ಪಾಪವನ್ನು ಕಂಡೂ ಕಾಣದ ಹಾಗೆ ಬಿಡಲಿಲ್ಲ, ಕ್ರಿಸ್ತನ ಮರಣದಲ್ಲಿ ತನ್ನ ನ್ಯಾಯವನ್ನೂ ತೋರಿಸಿದ, ನಂಬಿದವರನ್ನೂ ಬಿಡಿಸಿದ. ಅದಕ್ಕೇ ಒಳ್ಳೆಯ ಕೆಲಸಗಳನ್ನು ಕೂಡಿಟ್ಟುಕೊಂಡು ಆಮೇಲೆ ಬರುತ್ತೇನೆ ಅನ್ನಬೇಡಿ. ಬರಿಗೈಲೇ ಬನ್ನಿ.

ಪ್ರಾರ್ಥನೆ ಮುಗಿಸಿ ಎದ್ದ ಮೇಲೆ ಇನ್ನೊಂದು ಕೆಲಸ ಇದೆ, ಜಾಸ್ತಿ ಜನ ಬಿಟ್ಟುಬಿಡುವುದು ಇದನ್ನೇ. ಯೇಸು ಸುಂಕದ ಅಧಿಕಾರಿ ಜಕ್ಕಾಯನ ಮನೆಗೆ ಹೋದಾಗ ಯಾವ ಷರತ್ತೂ ಹಾಕಲಿಲ್ಲ. ಜಕ್ಕಾಯನೇ ಎದ್ದು ನಿಂತು, ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಮಾಡಿ ತೆಗೆದುಕೊಂಡಿದ್ದಕ್ಕೆ ನಾಲ್ಕರಷ್ಟು ವಾಪಸ್ಸು ಅಂದ. ನೀವೂ ಒಂದು ಹಾಳೆ ತೆಗೆದುಕೊಂಡು ಯಾರಿಗೆ, ಏನು, ಯಾವತ್ತು ಹಿಂದಿರುಗಿಸುತ್ತೀರಿ ಅಂತ ಬರೆಯಿರಿ. ಸುಳ್ಳು ಹೇಳಿ ಒಬ್ಬರ ಹೆಸರು ಕೆಡಿಸಿದ್ದರೆ, ಆ ಸುಳ್ಳನ್ನು ಕೇಳಿದವರ ಹತ್ತಿರವೇ ಹೋಗಿ ನಿಜ ಹೇಳಬೇಕು. ಅವರು ಕ್ಷಮಿಸದಿದ್ದರೆ ಒತ್ತಾಯ ಮಾಡಬೇಡಿ, ಬೈಬಲ್ ವಚನ ತೋರಿಸಿ ಬಾಯಿ ಮುಚ್ಚಿಸಲೂ ಬೇಡಿ.

ನೀವೇ ಅನ್ಯಾಯಕ್ಕೆ ಒಳಗಾದವರಾಗಿದ್ದರೆ? ಆಗ 10ನೇ ಕೀರ್ತನೆಯನ್ನು ಓದಿ, ದೇವರೇ ಯಾಕೆ ದೂರ ನಿಂತಿದ್ದೀಯ ಅಂತ ಕೇಳಿ. ಸೇಡನ್ನು ದೇವರಿಗೆ ಬಿಡಿ. ಆದರೆ ಹಿಂಸೆ ನಡೆಯುತ್ತಿದ್ದರೆ ಸಹಿಸಿಕೊಂಡು ಕೂರಬೇಡಿ, ಅಲ್ಲಿಂದ ಹೊರಗೆ ಬನ್ನಿ, ಪೊಲೀಸರಿಗೆ ದೂರು ಕೊಡಿ. ಕ್ಷಮಿಸುವುದಕ್ಕೂ ದೂರು ಕೊಡುವುದಕ್ಕೂ ಜಗಳವಿಲ್ಲ.