ಕಥೆ ಕಲಿಯಲು ಒಂದು ಅಭ್ಯಾಸ: ಸೊಸೆಯ ಕಡೆಯಿಂದ ಬರೆದು ನೋಡಿ
ಕಥೆ ಬರೆಯೋದು ಕಲಿಯಬೇಕು ಅಂದರೆ ಸುಮ್ನೆ ಜಾಸ್ತಿ ಓದಿದರೆ ಸಾಲದು, ಒಂದೇ ಕಥೆಯನ್ನು ಬಿಚ್ಚಿ ನೋಡಬೇಕು. ನಾನು ಮಾಸ್ತಿಯವರ ‘ಮೊಸರಿನ ಮಂಗಮ್ಮ’ ಹಿಡಿದು ಕೂತೆ. ಅದನ್ನು ಹೇಳುವವಳು ಮಂಗಮ್ಮನೂ ಅಲ್ಲ, ಸೊಸೆ ನಂಜಮ್ಮನೂ ಅಲ್ಲ, ಮೊಸರು ಕೊಳ್ಳುವ ಮನೆಯಾಕೆ. ಹಾಗಾಗಿ ಅತ್ತೆ-ಸೊಸೆ ಜಗಳವನ್ನು ಹೆಚ್ಚಾಗಿ ಮಂಗಮ್ಮನ ಬಾಯಿಂದಲೇ ಕೇಳುತ್ತೇವೆ, ಅಲ್ವಾ?

ಅದೇ ಜಗಳವನ್ನು ನಂಜಮ್ಮನ ಕಡೆಯಿಂದ ಒಂದು ಪುಟ ಬರೆದೆ. ಮೊದಲ ಸಲ ಬರೀ ದೂರು ಬಂತು. ಆಮೇಲೆ ಅವಳ ಕೈಗೊಂದು ಕೆಲಸ ಕೊಟ್ಟೆ. ಪಾತ್ರೆ ತಿಕ್ಕುತ್ತಾ ಮಾತಾಡುತ್ತಾಳೆ, ಅತ್ತೆಯ ಹೆಸರು ಬಂದಾಗ ಕೈ ನಿಲ್ಲುತ್ತದೆ. ‘ಅವಳಿಗೆ ಸಿಟ್ಟು ಬಂತು’ ಅನ್ನೋ ಸಾಲು ಬೇಕಾಗಲೇ ಇಲ್ಲ!

ನೀವೂ ಬರೆದು ಗಟ್ಟಿಯಾಗಿ ಓದಿ. ನಾಲಿಗೆ ತಡವರಿಸಿದ ಕಡೆ ಸಂಭಾಷಣೆ ತಿದ್ದಿ.